ದೇವರಿಗೆ ದಾರಿ ಹೇಳುವುದು

ಮೊನ್ನೆ ಕೊರಿಯರಿನವನೊಬ್ಬ ಫೋನ್ ಮಾಡಿ "ಮೇಡಂ, ಲೊಕೇಶನ್ ಕಳ್ಸಿ" ಅಂದ. ಲೊಕೇಶನ್ ಕಳಿಸುವುದು ನನಗೆ ಬಾರದ ವಿದ್ಯೆಯೇನಲ್ಲ. ಆದರೆ ಬಾಯಿ ಇರುವಾಗ ಬೆರಳಿಗೇಕೆ ಕೆಲಸ ಎನ್ನುವ ಪೈಕಿಯವಳು ನಾನು. "ನೋಡಿ, ಕೋರ್ಟಿನ ಹಿಂದಿನ ಗೇಟಿಗೆ ಬನ್ನಿ. ಅಲ್ಲೊಂದು ಹೊಂಗೆಮರ. ಮರದ ಕೆಳಗೆ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅಂಗಡಿ ದಾಟಿದರೆ ನೀಲಿ ಬಣ್ಣದ ಬಾಗಿಲು, ಬಾಗಿಲ ಮುಂದೆ ಒಂದು ಕೆಟ್ಟುಹೋದ ಸ್ಕೂಟರು..." ಅಂತ ಹೇಳುತ್ತಾ ಹೋದೆ. ಫೋನ್ ಕೆಳಗಿಟ್ಟಾಗ ಎದುರು ಮೇಜಿನ ಸಹೋದ್ಯೋಗಿ ಪೆನ್ನು ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ.

"ಕೊನೇಲಿ ಆಮೆನ್ ಅನ್ನೋದೊಂದೇ ಬಾಕಿ ಇತ್ತು ನೋಡು" ಅಂದ.

ಅವನು ಹೇಳಿದ್ದು ತಮಾಷೆಗೆ. ಆದರೆ ಸುಳ್ಳಲ್ಲ. ಯಾರಿಗೇ ಆಗಲಿ ದಾರಿ ಹೇಳುವಾಗ ನನ್ನ ದನಿ ತಾನಾಗಿ ಸ್ವಲ್ಪ ತಗ್ಗುತ್ತದೆ, ಪ್ರತಿ ತಿರುವಿನಲ್ಲೂ ಒಂದು ಎಳೆತ ಬರುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ಇದು ಪ್ರಾರ್ಥನೆಯ ರಾಗ. ದೇವರನ್ನು ನಂಬದವಳ ಗಂಟಲಿಗೆ ಈ ರಾಗ ಹೇಗೆ ಬಂತು ಅಂದರೆ, ಅದು ನಮ್ಮ ಅವ್ವನದು.

ಅವ್ವ ಅಂದರೆ ನಮ್ಮ ಕಡೆ ಅಜ್ಜಿ. ಹುಬ್ಬಳ್ಳಿ ಧಾರವಾಡದ ಓದುಗರು ತಾಯಿ ಅಂದುಕೊಂಡು ಮುಂದೆ ಹೋದರೆ ಲೆಕ್ಕ ಒಂದು ತಲೆಮಾರು ತಪ್ಪುತ್ತದೆ. ತೆಲುಗಿನ ಗಾಳಿ ಬೀಸುವ ಊರುಗಳು ನಮ್ಮವು. ನಮ್ಮ ಅವ್ವ ಕರುಣಮ್ಮ ಅಡುಗೆ ಮನೆಯಲ್ಲಿ ಕನ್ನಡ, ಕೋಪದಲ್ಲಿ ತೆಲುಗು, ಬಸ್ಸಿನಲ್ಲಿ ಎರಡೂ. ಪ್ರಾರ್ಥನೆಯಲ್ಲಂತೂ ಕೆಲಸ ಹಂಚಿಕೆಯೇ ಆಗಿಹೋಗಿತ್ತು. ದೇವರನ್ನು ಕರೆಯುವುದು ತೆಲುಗಿನಲ್ಲಿ, "ತಂಡ್ರೀ" ಅಂತ, ಅಂದರೆ ತಂದೆಯೇ. ಕರೆದ ಮೇಲೆ ಕೆಲಸ ಹೇಳುವುದು ಕನ್ನಡದಲ್ಲಿ.

ಆ ಕೆಲಸ ಏನಪ್ಪಾ ಅಂದರೆ, ದಾರಿ. ಸಂಜೆ ದೀಪ ಹಾಕಿದ ಮೇಲೆ ಯಲ್ದೂರಿನ ನಮ್ಮ ಮನೆಯ ನಡುಮನೆಯಲ್ಲಿ ಅವ್ವ ಗೋಡೆಗೆ ಒರಗದೆ ಕೂರುತ್ತಿದ್ದಳು. ತಲೆಯ ಮೇಲೆ ಸೆರಗು. ನಂತರ ಶುರು. "ತಂಡ್ರೀ, ಟೇಕಲ್‌ನಲ್ಲಿ ಮಂಜುಳ ಇದಾಳೆ. ರೈಲ್ವೆ ಸ್ಟೇಷನ್ ಇಳಿದು ಬೆಟ್ಟದ ಕಡೆ ನಡ್ಕೊಂಡ್ ಹೋದ್ರೆ ಹುಣಸೇಮರ ಸಿಗುತ್ತೆ, ಅದರ ಎದುರು ಹೆಂಚಿನ ಮನೆ. ಅವಳ ಮಂಡಿನೋವು ನೋಡ್ಕೋ. ತಂಡ್ರೀ, ದೇವರಾಯಸಮುದ್ರದಲ್ಲಿ ರಾಧ ಇದಾಳೆ. ಕೆರೆ ಏರಿ ಮೇಲೆ ಹೋಗ್ಬೇಡ, ಬಳಸು ದಾರಿ. ಕೆಳಗಡೆ ಗದ್ದೆ ಬದು ಹಿಡಿದ್ರೆ ಅವಳ ಹಿತ್ತಲಿಗೇ ಹೋಗ್ತೀಯ." ಹೀಗೆ ಒಬ್ಬರಾದ ಮೇಲೆ ಒಬ್ಬರು. ಕೆಲವರಿಗೆ ಬಸ್ಸಿನ ಹೊತ್ತೂ ಸೇರುತ್ತಿತ್ತು. ದೇವರು ಕೊನೆ ಬಸ್ ತಪ್ಪಿಸಿಕೊಂಡರೆ ಎಂಬ ಚಿಂತೆ ಅವಳಿಗೆ ಇದ್ದೇ ಇತ್ತೆಂದು ನನ್ನ ಗುಮಾನಿ.

ಈ ಹೆಂಗಸರೆಲ್ಲ ಯಾರು ಅಂತ ಕೇಳಿದಿರಲ್ಲ. ಅವ್ವ ಮುಳಬಾಗಿಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದಳು. ಚರ್ಚಿನವರ ಹಾಸ್ಟೆಲು, ಆದರೆ ಅಲ್ಲಿ ಎಲ್ಲ ಮನೆಯ ಹುಡುಗಿಯರೂ ಇದ್ದರು. ತಾತ ಬೇಗ ಹೋದರು. ಅವ್ವ ನಮ್ಮ ಅಪ್ಪನನ್ನು ಸೊಂಟಕ್ಕೆ ಏರಿಸಿಕೊಂಡು ಆ ಅಡುಗೆ ಮನೆ ಸೇರಿದವಳು, ಮಂಡಿ ಸೋಲುವವರೆಗೆ ಹೊರಗೆ ಬರಲಿಲ್ಲ. ಅವಳಿಗೆ ಸಂಖ್ಯೆ ಬರುತ್ತಿರಲಿಲ್ಲ. ಸಂಜೆಗೆ ಎಷ್ಟು ಮುದ್ದೆ ಕಟ್ಟಬೇಕು ಅನ್ನುವುದಕ್ಕೆ ಅವಳು ಕಂಡುಕೊಂಡ ಉಪಾಯ ಹೆಸರು. ಒಂದು ಮುದ್ದೆಗೆ ಒಂದು ಹೆಸರು. ಮಂಜುಳ ಅಂತ ಒಂದು ಉಂಡೆ ತಿರುವಿ ಇಡುವುದು, ಷಾಹೀನ ಅಂತ ಇನ್ನೊಂದು. ಹೆಸರು ಮುಗಿದರೆ ಮುದ್ದೆ ಸರಿಯಾಯಿತು. ಬಿಸಿ ರಾಗಿಹಿಟ್ಟು ಅಂಗೈ ಸುಡುವಾಗ ಬಾಯಿಂದ ಬರುವ ಹೆಸರು ಪ್ರಾರ್ಥನೆಯಲ್ಲದೆ ಇನ್ನೇನಾಗುತ್ತದೆ ಹೇಳಿ. ಅದು ಎಂದು ಲೆಕ್ಕ ಹೋಗಿ ಪ್ರಾರ್ಥನೆ ಆಯಿತೋ ಅವಳಿಗೂ ಗೊತ್ತಿರಲಿಲ್ಲ.

ರಜೆ ಬಂದಾಗ ಕರೆದುಕೊಂಡು ಹೋಗಲು ಯಾರೂ ಬಾರದ ಹುಡುಗಿಯರನ್ನು ಮನೆಗೆ ಬಿಟ್ಟು ಬರುವುದೂ ಅವಳದೇ ಕೆಲಸ. ಆದ್ದರಿಂದ ಅವಳು ದೇವರಿಗೆ ಹೇಳುತ್ತಿದ್ದುದು ಅವಳೇ ನಡೆದಿದ್ದ ದಾರಿಗಳನ್ನು. ಹುಣಸೇಮರ ಇತ್ತು, ಅವಳು ಅದರ ಕೆಳಗೆ ಕೂತು ನೀರು ಕುಡಿದಿದ್ದಳು.

ಈಗ ನನ್ನ ವಿಷಯಕ್ಕೆ ಬರಬೇಕು, ಬೇಡವೆಂದರೂ ಬರುತ್ತೇನೆ. ನನ್ನ ಹೆಸರು ಕೀರ್ತನಾ. ಇಟ್ಟವಳು ಅವ್ವ. ದೇವರ ಸ್ತುತಿಯನ್ನೇ ಹೆಸರಾಗಿ ಹೊತ್ತುಕೊಂಡು ದೇವರಿಲ್ಲ ಎಂದು ವೇದಿಕೆ ಹತ್ತುವುದರಲ್ಲಿ ಒಂದು ಸುಖವಿದೆ. ನನ್ನ ಪ್ರತಿಭೆ ಮೊದಲು ಬೆಳಕಿಗೆ ಬಂದದ್ದು ಸಂಡೇ ಸ್ಕೂಲಿನಲ್ಲಿ. ಜಲಪ್ರಳಯದಲ್ಲಿ ಪಾಪಿಗಳೆಲ್ಲ ಮುಳುಗಿದರು ಅಂತ ಟೀಚರ್ ಹೇಳಿದಾಗ ನಾನು ಎದ್ದು ನಿಂತು, "ಹಾಗಾದ್ರೆ ಮೀನುಗಳು ಪಾಪಾನೇ ಮಾಡಿರ್ಲಿಲ್ವಾ ಟೀಚರ್?" ಅಂದೆ. ಟೀಚರ್ ನನಗೊಂದು ಬಿಸ್ಕತ್ತು ಕೊಟ್ಟು ಕೂರಿಸಿದರು. ಪ್ರಶ್ನೆ ಕೇಳಿದರೆ ಬಿಸ್ಕತ್ತು ಸಿಗುತ್ತದೆ ಎಂಬುದು ನನಗಾದ ಮೊದಲ ಸಾಕ್ಷಾತ್ಕಾರ. ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಿಸ್ಕತ್ತಿನ ಬದಲು ಸ್ಟೀಲ್ ಲೋಟ, ಪ್ಲಾಸ್ಟಿಕ್ ಕಪ್ಪು, ಒಮ್ಮೆ ಒಂದು ಗೋಡೆ ಗಡಿಯಾರ ಸಿಕ್ಕವು.

ನಮಗೆ ಚರ್ಚೆ ಕಲಿಸಿದ ಮೇಷ್ಟರು ಎರಡು ಮಾತು ಹೇಳುತ್ತಿದ್ದರು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡನ್ನೂ ಅಷ್ಟೇ ನಿಯತ್ತಿನಿಂದ ವಾದಿಸಬೇಕು. ಮತ್ತೆ, ಎದುರಾಳಿಯ ವಾದ ಎದುರಾಳಿಗಿಂತ ಚೆನ್ನಾಗಿ ನಿನಗೆ ಗೊತ್ತಿರಬೇಕು. ನನ್ನ ಮನೆಯಲ್ಲಿ ನನಗೆ ಸಿಕ್ಕ ಎದುರಾಳಿ ಅವ್ವ ಒಬ್ಬಳೇ. ಅಪ್ಪ ಜಗಳವೆಂದರೆ ತೋಪಿನ ಕಡೆ ಹೋಗಿಬಿಡುವ ಮನುಷ್ಯ. ಹಾಗಾಗಿ ರಜೆಯಲ್ಲಿ ಪ್ರತಿ ಸಂಜೆ ಅವಳ ಪ್ರಾರ್ಥನೆಯನ್ನು ಕಿವಿಗೊಟ್ಟು ಕೇಳುತ್ತಿದ್ದೆ, ಎಲ್ಲಿ ತಪ್ಪು ಸಿಗುತ್ತದೆ ಅಂತ.

"ಅವ್ವ, ನಿಮ್ಮ ದೇವರು ಸರ್ವಜ್ಞ ತಾನೆ?"

"ಹೂಂ."

"ಎಲ್ಲಾ ಗೊತ್ತಿರೋನಿಗೆ ಅಡ್ರೆಸ್ ಯಾಕೆ ಹೇಳ್ತೀಯ? ಗೊತ್ತಿದ್ರೆ ನೀನ್ ಹೇಳೋದು ದಂಡ. ಗೊತ್ತಿಲ್ದಿದ್ರೆ ಅವನು ದೇವರೇ ಅಲ್ಲ. ಎರಡ್ರಲ್ಲಿ ಒಂದು ಹೇಳು."

"ಮುಗೀತಾ?"

"ಮುಗೀತು."

"ಬೆಳ್ಳುಳ್ಳಿ ಬಿಡ್ಸಿ ಕೊಡು, ಸಾರಿಗೆ ಹೊತ್ತಾಯ್ತು."

ಇದು ಉತ್ತರವಲ್ಲ ಎಂದು ಯಾವ ತೀರ್ಪುಗಾರನಾದರೂ ಒಪ್ಪುತ್ತಾನೆ. ಆದರೂ ಪ್ರತಿ ಸಲ ಬೆಳ್ಳುಳ್ಳಿ ಬಿಡಿಸಿದವಳು ನಾನೇ.

ಊರಿನವರಿಗೆ ಮಾತ್ರ ಅವ್ವನ ದೇವರು ಅಂಚೆಯ ಪೇದೆಯಷ್ಟೇ ಹತ್ತಿರದವನಾಗಿದ್ದ. ಹಳೆಯ ಹಾಸ್ಟೆಲ್ ಹುಡುಗಿಯರು, ಈಗ ಅಜ್ಜಿಯರಾಗುತ್ತಿರುವವರು, ಫೋನ್ ಮಾಡಿ "ಕರುಣಮ್ಮಕ್ಕ, ಮನೆ ಬದ್ಲಾಯ್ಸಿದೀವಿ, ಮಾಲೂರಲ್ಲಿ ಈಗ, ಸ್ವಲ್ಪ ಅಲ್ಲಿ ಹೇಳ್ಬಿಡಿ" ಅನ್ನುತ್ತಿದ್ದರು. ಪಕ್ಕದ ಮನೆಯ ನಾರಾಯಣಮ್ಮ ಚರ್ಚಿನ ಕಡೆ ತಲೆ ಹಾಕಿದವಳಲ್ಲ, ಶನಿವಾರ ತಪ್ಪದೆ ಆಂಜನೇಯನಿಗೆ ಹೋಗುವವಳು. ಅವಳೂ ಒಂದು ಸಂಜೆ ಬಾಗಿಲಲ್ಲಿ ನಿಂತಳು.

"ಅಕ್ಕ, ಕೆರೆ ಕೆಳಗಿನ ಮಾವಿನ ತೋಪು ಮಾರಿಬಿಟ್ವಿ. ಈಗ ರೋಡ್ ಪಕ್ಕದ್ದು ನಮ್ದು. ಹಳೇ ತೋಪಿಗೆ ಪ್ರಾರ್ಥನೆ ಮಾಡ್ಬೇಡ ಕಣಕ್ಕ."

"ಯಾಕೇ, ಅಲ್ಲೂ ಮರಗಳೇ ತಾನೆ ಇರೋದು?"

"ಮರ ಇರ್ಲಿ ಬಿಡು, ತಗೊಂಡೋನು ನಮ್ ಭಾವ. ಅವನ್ಗೆ ಯಾಕೆ ಬಿಟ್ಟಿ ಪ್ರಾರ್ಥನೆ?"

ಅವ್ವ ನಕ್ಕು ಎರಡೂ ತೋಪು ಸೇರಿಸಿದಳು. ನಾರಾಯಣಮ್ಮ ಒಂದು ವಾರ ಮಾತು ಬಿಟ್ಟಿದ್ದಳು.

ಭಾಗ್ಯ ಅಂತ ಒಬ್ಬಳಿದ್ದಳು, ಶ್ರೀನಿವಾಸಪುರದ ಕಡೆಯವಳು. ಅವ್ವನ ಪ್ರಾರ್ಥನೆಯಲ್ಲಿ ಅವಳ ಎದೆನೋವು ವರ್ಷಗಟ್ಟಲೆ ಬರುತ್ತಿತ್ತು. ಅವಳು ಸತ್ತಳು. ಸತ್ತ ಸುದ್ದಿ ಬಂದ ಸಂಜೆ ನಾನು ಕಾದು ಕೂತಿದ್ದೆ. ಕ್ರೂರವಾಗಿ ಅಲ್ಲ. ನಿಜವಾಗಿಯೂ ತಿಳಿಯಬೇಕಿತ್ತು, ಈಗೇನು ಮಾಡುತ್ತಾಳೆ ಅಂತ. ಅವ್ವ ಶ್ರೀನಿವಾಸಪುರದ ಸರದಿ ಬಂದಾಗ "ತಂಡ್ರೀ, ಭಾಗ್ಯ" ಅಂದಳು. ದಾರಿ ಹೇಳಲಿಲ್ಲ. ಮುಂದಿನ ಹೆಸರಿಗೆ ಹೋದಳು. ಆಮೇಲೆ ದಿನವೂ ಹಾಗೆಯೇ. ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ಇಲ್ಲ. ಚರ್ಚಿನ ಅಯ್ಯನವರಿಗೆ ಇದು ಯಾರಿಂದಲೋ ಗೊತ್ತಾಗಿ, ಮೆತ್ತಗೆ ಹೇಳಿ ನೋಡಿದರು.

"ಕರುಣಮ್ಮ, ಹೋದೋರಿಗೋಸ್ಕರ ನಾವು ಬೇಡೋ ಹಾಗಿಲ್ಲಮ್ಮ."

"ಬೇಡ್ತಾ ಇಲ್ಲ ಅಯ್ಯನೋರೆ" ಅಂದಳು ಅವ್ವ. "ಹೇಗಿದಾಳೆ ಅಂತ ವಿಚಾರಿಸ್ತಾ ಇದೀನಿ, ಅಷ್ಟೆ."

ನಾನು ಆ ದಿನ ಬೆಳ್ಳುಳ್ಳಿಯನ್ನು ಕೇಳದೆಯೇ ಬಿಡಿಸಿದೆ.

ಹೋದ ವರ್ಷದ ಮಾವಿನ ಕಾಲದಲ್ಲಿ ದಾರಿಗಳು ತಪ್ಪಲು ಶುರುವಾದವು. ಮೊದಮೊದಲು ನಗು ಬರುತ್ತಿತ್ತು. ಟೇಕಲ್ಲಿನ ಮಂಜುಳಳನ್ನು ದೇವರಾಯಸಮುದ್ರದ ಕೆರೆಯ ಹತ್ತಿರ ತಂದಿಟ್ಟಳು. ಮಾಲೂರಿಗೆ ಹೋದವಳನ್ನು ವಾಪಸ್ ಮುಳಬಾಗಿಲಿಗೆ ಕರೆಸಿದಳು. "ಅವ್ವ, ದೇವರು ಇವತ್ತು ಟೇಕಲ್‌ನಲ್ಲಿ ರೈಲಿಳಿದು ಕೆರೆ ಎಲ್ಲಿ ಅಂತ ಕೇಳ್ಕೊಂಡು ಓಡಾಡ್ತಿರ್ತಾನೆ" ಅಂತ ನಾನು ಫೋನಿನಲ್ಲಿ ರೇಗಿಸುತ್ತಿದ್ದೆ. "ನಿನ್ ಬಾಯಿಗೆ ಬೀಗ ಹಾಕ" ಅಂತ ಅವಳೂ ನಗುತ್ತಿದ್ದಳು. ಆಮೇಲೆ ಊರು ನೆನಪಾಗಿ ಹೆಸರು ಬಾರದೆ ಹೋಯಿತು. ನಂತರ ಎರಡೂ.

ಒಂದು ಶುಕ್ರವಾರ ಅಮ್ಮ, ನಾನು ಕೆಲಸಕ್ಕಿರುವ ಕೋಲಾರಕ್ಕೆ ಫೋನ್ ಮಾಡಿದಳು. "ನಿಮ್ಮವ್ವ ಪ್ರಾರ್ಥನೆ ನಿಲ್ಲಿಸ್ಬಿಟ್ಟಿದಾರೆ ಕಣೇ."

"ನಿಲ್ಲಿಸೋದು ಅಂದ್ರೆ?"

"ಅಂದ್ರೆ ನಿಲ್ಲಿಸೋದು. ದೀಪ ಹಾಕಿದ್ರೆ ಎದ್ದು ಹಿತ್ತಿಲಿಗೆ ಹೋಗಿ ಕೂತ್ಕೋತಾರೆ. ಊಟಾನೂ ಸರಿಯಾಗಿ ಮಾಡ್ತಿಲ್ಲ. ಬಂದು ಮಾತಾಡ್ಸು."

ತರ್ಕದ ಪ್ರಕಾರ ನನಗೆ ಸಂತೋಷವಾಗಬೇಕಿತ್ತು. ಪ್ರಪಂಚದಲ್ಲಿ ಒಂದು ಅನಗತ್ಯ ಪ್ರಾರ್ಥನೆ ಕಡಿಮೆಯಾಗಿತ್ತು. ಆದರೆ ನಾನು ಶನಿವಾರದ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಯಲ್ದೂರಿಗೆ ಹೋಗಲು ಶ್ರೀನಿವಾಸಪುರದ ಬಸ್ಸು ಹತ್ತಿದ್ದೆ, ಕಿಟಕಿಯ ಪಕ್ಕ ಕೂತು ಅವ್ವನಿಲ್ಲದ ಒಂದು ಸಂಜೆಯನ್ನಲ್ಲ, ಅವ್ವನಿದ್ದೂ ಸದ್ದಿಲ್ಲದ ಒಂದು ಸಂಜೆಯನ್ನು ಊಹಿಸಿಕೊಳ್ಳುತ್ತಿದ್ದೆ. ಅದು ಹೆಚ್ಚು ಕಷ್ಟ.

ಅವ್ವ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ನಾನು ಪಕ್ಕ ಕೂತೆ. ಏನೂ ಕೇಳಲಿಲ್ಲ, ಅವಳೇ ಹೇಳಿದಳು.

"ತಟ್ಟೆ ತಪ್ಪಿ ಹೋಗ್ತಾ ಇದೆ ಕಣೇ."

"ಯಾವ ತಟ್ಟೆ?"

"ತಂಡ್ರೀ ಅಂತ ಕಣ್ಣು ಮುಚ್ಚಿದ್ರೆ ಎಲ್ರೂ ಸಾಲಾಗಿ ಕೂತಿರ್ತಾರೆ. ಬಡಿಸ್ಕೊಂಡ್ ಹೋಗ್ತಾ ಇರ್ತೀನಿ. ಯಾರೋ ಒಬ್ಳನ್ನ ಬಿಟ್ಟು ಮುಂದಕ್ಕೆ ಹೋಗಿರ್ತೀನಿ. ಯಾರು ಅಂತ ಗೊತ್ತಾಗಲ್ಲ. ಅವಳು ಕೇಳೋದೂ ಇಲ್ಲ, ಸುಮ್ನೆ ಕೂತಿರ್ತಾಳೆ." ಆಮೇಲೆ ಅಂದಳು, "ಒಬ್ಳಿಗೆ ಬಡಿಸಿ ಒಬ್ಳಿಗೆ ಬಿಡೋದಕ್ಕಿಂತ ಒಲೆ ಹಚ್ಚದೇ ಇರೋದು ವಾಸಿ."

ಚರ್ಚಾಸ್ಪರ್ಧೆಯಲ್ಲಿ ಹೀಗೆ ಮಾತು ನಿಂತರೆ ನೀರು ಕುಡಿಯಬೇಕು ಅಂತ ಮೇಷ್ಟರು ಹೇಳಿಕೊಟ್ಟಿದ್ದರು. ಎದ್ದು ಹೋಗಿ ನೀರು ಕುಡಿದೆ.

ಮಾರನೆಯ ದಿನ ಭಾನುವಾರ, ಆರಾಧನೆ ಮುಗಿಸಿಕೊಂಡು ಅಯ್ಯನವರೇ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಅಮ್ಮ ಕೊಟ್ಟ ಕಾಫಿಯನ್ನು ಆರಿಸಿಕೊಳ್ಳುತ್ತಾ, "ಕರುಣಮ್ಮ, ಮನಸ್ಸಿಗೆ ಹಚ್ಕೋಬೇಡಿ. ದೇವರು ಸರ್ವಜ್ಞ. ನೀವು ಹೇಳಿದ್ರೂ ಗೊತ್ತು, ಹೇಳದೇ ಇದ್ರೂ ಗೊತ್ತು. ಯಾರ ಮನೆ ಎಲ್ಲಿ ಅಂತ ಆತನಿಗೆ ನಾವು ಹೇಳ್ಬೇಕಾ?" ಅಂದರು.

ಅಮ್ಮನೂ ದನಿಗೂಡಿಸಿದಳು. "ಹೂಂ ಅತ್ತೆ, ಆತನಿಗೆ ಗೊತ್ತಿಲ್ದೇ ಇರುತ್ತಾ?"

ಅವ್ವ ನನ್ನ ಕಡೆ ತಿರುಗಿದಳು. "ಇವಳೂ ಇದೇ ಮಾತು ಹೇಳ್ತಿದ್ಳು ಅಯ್ಯನೋರೆ. ಆವಾಗ ನೀವು ಈ ಹುಡುಗಿ ದಾರಿ ತಪ್ಪಿದಾಳೆ ಅಂತಿದ್ರಿ."

ಅಯ್ಯನವರು ಲೋಟದೊಳಗೆ ನಕ್ಕರು. ನಾನೂ ನಕ್ಕೆ. ಅವ್ವ ನಗಲಿಲ್ಲ.

"ನೀನೇ ಗೆದ್ದೆ ಬಿಡಮ್ಮ" ಅಂದಳು ನನಗೆ. "ನಾನೇ ಸುಮ್ನೆ ಇಷ್ಟು ವರ್ಷ ಒದರಿದ್ದು."

ಇಲ್ಲಿಯವರೆಗೆ ನಾನು ಗೆದ್ದ ಲೋಟಗಳು, ಕಪ್ಪುಗಳು, ಗೋಡೆ ಗಡಿಯಾರ ಎಲ್ಲವೂ ಸೇರಿ ಈ ಒಂದು ಗೆಲುವಿನಷ್ಟು ಭಾರವಿರಲಿಲ್ಲ. ಒಂದು ಇಡೀ ಆಯುಷ್ಯವನ್ನು ಆಕೆ ಎದುರಾಳಿಗೆ ಬಿಟ್ಟುಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದಳು, ಅದೂ ನನ್ನದೇ ವಾಕ್ಯ ಕೇಳಿ. ಆ ವಾಕ್ಯ ಈಗ ಭಕ್ತರ ಬಾಯಲ್ಲಿತ್ತು, ಸಮಾಧಾನಕ್ಕೆ ಅಂತ ಆಡಿದ್ದು. ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಅದರಿಂದ ಅವ್ವನ ತಟ್ಟೆ ತುಂಬುವುದಿಲ್ಲ ಅನ್ನುವುದು ನನಗೆ ಕಾಣುತ್ತಿತ್ತು. ಚೀಟಿ ಬದಲಾಯಿಸುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

"ಅವ್ವ" ಅಂದೆ, "ಹಾಸ್ಟೆಲ್‌ನಲ್ಲಿ ಎಷ್ಟು ಹುಡುಗೀರು ಇದಾರೆ ಅಂತ ವಾರ್ಡನ್‌ಗೆ ಗೊತ್ತಿತ್ತಲ್ವಾ?"

"ಗೊತ್ತಿಲ್ದೆ ಏನು. ಎಲ್ಲಾ ಬರ್ಕೊಂಡಿರ್ತಿದ್ರು."

"ಯಾರಿಗೆ ಹಸಿವು ಜಾಸ್ತಿ, ಯಾರಿಗೆ ಹುಷಾರಿಲ್ಲ, ಎಲ್ಲಾ ಗೊತ್ತಿತ್ತು?"

"ಗೊತ್ತಿತ್ತು."

"ಅವರಿಗೆ ಗೊತ್ತಿದೆ ಅಂತ ಮುದ್ದೆ ತಾನೇ ಎದ್ದು ಉಂಡೆ ಕಟ್ಕೊಂಡು ತಟ್ಟೆಗೆ ಬೀಳ್ತಿತ್ತಾ?"

ಅಯ್ಯನವರು ಲೋಟವನ್ನು ನೆಲಕ್ಕಿಟ್ಟರು.

"ಗೊತ್ತಿರೋದು ಬೇರೆ, ಬಡಿಸೋದು ಬೇರೆ" ಅಂದೆ. ನನ್ನ ದನಿ ವೇದಿಕೆಯ ದನಿಯಾಗಿರಲಿಲ್ಲ. "ಆತನಿಗೆ ಗೊತ್ತಿದ್ರೆ ಸಾಕಾಗಲ್ಲ. ಹೇಳ್ಬೇಕು. ನಾನ್ ಇಷ್ಟು ದಿನ ವಾದ ಮಾಡಿದ್ದು ಗೊತ್ತಿರೋದರ ಬಗ್ಗೆ. ಬಡಿಸೋದರ ಬಗ್ಗೆ ಅಲ್ಲ. ನೀನ್ ಸೋತಿಲ್ಲ ಅವ್ವ, ವಿಷಯಾನೇ ಬೇರೆ."

ಇದನ್ನು ನಾನು ನಂಬಿ ಹೇಳಿದೆನೋ, ಪರ ಚೀಟಿ ಬಂದದ್ದಕ್ಕೆ ಹೇಳಿದೆನೋ ಅಂತ ನೀವು ಕೇಳಬಹುದು. ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ದೇವರಿದ್ದಾನೆ ಅಂತ ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಒಬ್ಬಳು ಹೆಂಗಸು ತನ್ನ ಆಯುಷ್ಯವಿಡೀ ದಿನಕ್ಕೊಮ್ಮೆ, ತನಗೆ ಏನೂ ಆಗಬೇಕಾಗಿಲ್ಲದ ಇಷ್ಟೊಂದು ಜನರ ಬಾಗಿಲಿಗೆ ಮನಸ್ಸಿನಲ್ಲೇ ನಡೆದು ಹೋಗಿ ಬರುತ್ತಿದ್ದಳಲ್ಲ, ಅದು ದಂಡ ಎಂದು ವಾದಿಸಲು ನನ್ನ ಹತ್ತಿರ ಯಾವ ಅಂಶವೂ ಉಳಿದಿರಲಿಲ್ಲ.

"ಇದು ಯಾವ ಕಾಲೇಜಲ್ಲಿ ಕಲ್ತೆ?" ಅಂದಳು ಅವ್ವ. ಆಮೇಲೆ ಮುದ್ದಿನ ತೆಲುಗು ಬೆರೆಸಿ, "ನಂಗೆ ನೆನಪಾಗಲ್ಲ ತಲ್ಲಿ."

"ನಂಗಾಗುತ್ತೆ."

ಹೇಳಿದ ಮೇಲೆಯೇ ಅದು ನಿಜ ಅಂತ ನನಗೂ ಗೊತ್ತಾದದ್ದು. ತಪ್ಪು ಹಿಡಿಯಲು ಅಂತ ಕೇಳಿಸಿಕೊಂಡದ್ದು, ಒಂದೂ ಬಿಡದೆ ತಲೆಯೊಳಗೆ ಕೂತಿತ್ತು. ಹುಣಸೇಮರ, ಗದ್ದೆ ಬದು, ಷಾಹೀನಳ ಮನೆ ಮುಂದಿನ ಕೈಪಂಪು, ಎರಡೂ ತೋಪು.

ಸಂಜೆ ಅಮ್ಮ ದೀಪ ಹಾಕಿದಳು. ಅವ್ವ ಹಿತ್ತಲಿಗೆ ಹೋಗಲಿಲ್ಲ. ಬಂದು ತನ್ನ ಜಾಗದಲ್ಲಿ ಕೂತು ಸೆರಗು ಸರಿ ಮಾಡಿಕೊಂಡಳು.

"ನಾನು ಪ್ರಾರ್ಥನೆ ಮಾಡಲ್ಲ ಅವ್ವ, ಈಗ್ಲೇ ಹೇಳ್ತೀನಿ."

"ಯಾರೇ ಮಾಡು ಅಂದೋರು? ದಾರಿ ಹೇಳು ಸಾಕು."

ಹಾಗೆ ಶುರುವಾಯಿತು. ಅವಳು "ತಂಡ್ರೀ" ಅಂದು ಕಾಯುತ್ತಿದ್ದಳು. ನಾನು ಕಣ್ಣು ಬಿಟ್ಟುಕೊಂಡೇ "ಟೇಕಲ್, ಸ್ಟೇಷನ್ನು" ಅನ್ನುತ್ತಿದ್ದೆ. "ಟೇಕಲ್‌ನಲ್ಲಿ... ಹಾಂ, ಮಂಜುಳ" ಅಂತ ಅವಳ ಮುಖ ಬೆಳಗುತ್ತಿತ್ತು. ದಾರಿ ಹಿಡಿದುಕೊಟ್ಟರೆ ಹೆಸರು ತಾನೇ ಬಾಗಿಲು ತೆಗೆಯುತ್ತಿತ್ತು. ಕೆಲವು ಕಡೆ ಬಾಗಿಲು ತೆಗೆಯಲಿಲ್ಲ, ಅಲ್ಲಿ ನಾನೇ ಹೆಸರು ಹೇಳಿದೆ, ಅವಳು ನನ್ನ ಹಿಂದೆ ಹೇಳಿದಳು. ಶ್ರೀನಿವಾಸಪುರ ಬಂದಾಗ ನಾನು ಬಾಯಿ ತೆರೆಯುವ ಮೊದಲೇ "ಭಾಗ್ಯ" ಅಂದಳು.

ಕೊನೆಯ ಹೆಸರು ಆಯಿತು. ನಾನು ಎದ್ದೇಳಲು ನೋಡಿದೆ. ಅವ್ವ ಕಣ್ಣು ತೆರೆಯಲಿಲ್ಲ.

"ಇನ್ನೊಬ್ಳಿದಾಳೆ" ಅಂದಳು.

"ಇಲ್ಲ ಅವ್ವ, ಎಲ್ಲಾ ಆಯ್ತು. ನಂಗೆ ಗೊತ್ತಲ್ಲ."

"ತಂಡ್ರೀ, ಕೋಲಾರದಲ್ಲಿ ಒಬ್ಳಿದಾಳೆ. ನೀನಿಲ್ಲ ಅಂತಾಳೆ. ಒಬ್ಳೇ ಇರ್ತಾಳೆ. ಹಳೇ ರೂಮ್ ಬಿಟ್ಟು ಬೇರೆ ಕಡೆ ಹೋಗಿದಾಳಂತೆ, ನಂಗೆ ಹೇಳಿಲ್ಲ. ದಾರಿ ಗೊತ್ತಿಲ್ಲ." ಅಷ್ಟು ಹೇಳಿ ಕಾಯುತ್ತಾ ಕೂತಳು, ಪ್ರತಿ ಹೆಸರಿಗೂ ಕಾದ ಹಾಗೆಯೇ.

ಮನೆ ಬದಲಾಯಿಸಿದವರೆಲ್ಲ ಅವಳಿಗೆ ಹೇಳಿದ್ದರು, ನಾರಾಯಣಮ್ಮನ ತೋಪಿನ ಸಮೇತ.

"ಬಸ್‌ಸ್ಟ್ಯಾಂಡ್ ಇಳಿದು" ಅಂದೆ, "ದೊಡ್ಡ ರೋಡ್ ದಾಟ್ಬೇಕು. ಒಂದು ಬೇಕರಿ ಸಿಗುತ್ತೆ."

"ದೊಡ್ಡ ರೋಡ್ ದಾಟ್ಬೇಕು ತಂಡ್ರೀ. ಒಂದು ಬೇಕರಿ. ಅಲ್ಲಿಂದ ಎಡಗಡೆಗೆ..."

"ಎಡಗಡೆ ಅಲ್ಲ ಅವ್ವ, ಬಲಗಡೆ. ಎಡಗಡೆ ಹೋದ್ರೆ ಟೊಮೆಟೊ ಮಂಡಿ ಸಿಗುತ್ತೆ."

"ಬಲಗಡೆ ತಂಡ್ರೀ. ಮಂಡಿ ಕಡೆ ಹೋಗ್ಬೇಡ."

"ಗ್ರಿಲ್ ಗೇಟಿನ ಮನೆ. ಮೇಲಿನ ರೂಮು."

"ಮೇಲಿನ ರೂಮು" ಅಂತ ಅವಳು ನಿಧಾನವಾಗಿ ಹೇಳಿ, ಸಾಕಾ ಎಂಬಂತೆ ಮುಖವನ್ನು ನನ್ನ ಕಡೆ ತಿರುಗಿಸಿದಳು.

"ಮೆಟ್ಟಿಲ ಹತ್ರ ಲೈಟಿಲ್ಲ" ಅಂದೆ. "ಅದನ್ನೂ ಹೇಳು."